ಸಂಪಾದಕರ ಉತ್ತರ: ಕಾಣೆಯಾದವರ ಬಗ್ಗೆ ನಾವು ಯಾಕೆ ಕತೆ ಬರೆಯಲಿಲ್ಲ?

ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ನಮ್ಮೂರಿನ ಹೆಣ್ಣುಮಗಳು ಮನೆಯಿಂದ ಹೋಗಿ ವಾರಗಳಾದವು. ಯೂಟ್ಯೂಬ್ ಚಾನೆಲ್‌ನವರೆಲ್ಲ ಬಂದು ಹೋದರು. ಏನಾಯಿತು ಅಂತ ಇಡೀ ಊರಿಗೇ ಗೊತ್ತು. ನೀವು ಮಾತ್ರ ನಾಲ್ಕು ಸಾಲಿನ ಪ್ರಕಟಣೆ ಹಾಕಿ ಕೈ ತೊಳೆದುಕೊಂಡಿರಿ. ಯಾರಿಗೆ ಹೆದರಿದಿರಿ?"

ನಮಸ್ಕಾರ ಸಾರ್. ಯಾರಿಗೂ ಹೆದರಿಲ್ಲ. ಆ ನಾಲ್ಕು ಸಾಲನ್ನು ಬೇಕಂತಲೇ ಹಾಕಿದ್ದೇವೆ, ಮುಂದಿನ ಸಂಚಿಕೆಯಲ್ಲೂ ಹಾಕುತ್ತೇವೆ, ಅವರು ಸಿಗುವವರೆಗೂ ಹಾಕುತ್ತೇವೆ. ಎತ್ತರ, ಗೋಧಿ ಮೈಬಣ್ಣ, ಕೋಲು ಮುಖ, ಉಟ್ಟಿದ್ದ ಸೀರೆ, ಮಾತಾಡುವ ಭಾಷೆ ಕನ್ನಡ ಮತ್ತು ತೆಲುಗು, ಠಾಣೆಯ ನಂಬರು. ನಿಮಗೆ ಅದು ಒಣಕಲು ಅನಿಸಿರಬಹುದು. ಆದರೆ ಎಲ್ಲೋ ಇರುವ ಒಬ್ಬ ಬಸ್ ಕಂಡಕ್ಟರಿಗೆ, ಆಸ್ಪತ್ರೆಯ ಆಯಾಗೆ, ಛತ್ರದ ಅಡುಗೆಯವರಿಗೆ ಉಪಯೋಗಕ್ಕೆ ಬರುವುದು ಅದೇ. ಆಕೆ ಯಾರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು ಅನ್ನುವುದರಿಂದ ಯಾರೂ ಆಕೆಯ ಗುರುತು ಹಿಡಿಯಲಾರರು, ಅಲ್ವಾ?

ಊರಿಗೇ ಗೊತ್ತು ಅಂತೀರಿ. ಆದರೆ ನಿಮ್ಮ ಪತ್ರದಲ್ಲೇ ಮೂರು ಕತೆಗಳಿವೆ. ಮೊದಲ ಪುಟದಲ್ಲಿ ಆಕೆ ಯಾರದೋ ಜೊತೆ ಹೋದರು. ಪುಟ ತಿರುಗಿಸಿದರೆ ಸಂಘದ ಸಾಲದ ಕಂತು ಕಟ್ಟಲಾಗದೆ ಹೋದರು. ಕೊನೆಗೆ ಮನೆಯವರೇ ಏನೋ ಮಾಡಿದ್ದಾರೆ. ಊರಿಗೆ ನಿಜವಾಗಿ ಗೊತ್ತಿದ್ದರೆ ಒಂದೇ ಕತೆ ಇರಬೇಕಿತ್ತು. ಮೂರರಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ನಾನೂ ಹೇಳುವುದಿಲ್ಲ. ಜನ ಮನೆ ಬಿಡುವುದಕ್ಕೆ ಸಾವಿರ ಕಾರಣ ಇರುತ್ತವೆ. ಸಾಲ, ಹೊಡೆತ, ಮನಸ್ಸಿನ ಕಾಯಿಲೆ, ಮರೆವು, ಕೆಲವೊಮ್ಮೆ ಬೇರೆಯವರ ಮೋಸ.

ಇನ್ನು ಆ ಫೋನ್ ಕರೆಗಳ ಪಟ್ಟಿ. ಅದರ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ, ಒಂದೇ ನಂಬರಿಗೆ ದಿನಾ ಕರೆ ಹೋಗಿದೆ, ಇನ್ನೇನು ಸಾಕ್ಷಿ ಬೇಕು ಅಂತ ಕೇಳಿದ್ದೀರಿ. ನಮ್ಮ ಕಡೆ ಹಸು ಕಟ್ಟಿದ ಹೆಂಗಸು ಹಾಲಿನ ಡೇರಿಯ ಸೆಕ್ರೆಟರಿಗೆ ಫೋನ್ ಮಾಡುತ್ತಾರೆ, ಸಂಘದ ಪ್ರತಿನಿಧಿಗೆ ಮಾಡುತ್ತಾರೆ, ಮಗನ ಸ್ಕೂಲ್ ವ್ಯಾನಿನವರಿಗೆ ಮಾಡುತ್ತಾರೆ. ನಂಬರು ಯಾರದು, ಯಾಕೆ ಮಾಡಿದರು ಅಂತ ವಿಚಾರಿಸುವುದು ತನಿಖೆ ಮಾಡುವವರ ಕೆಲಸ. ಅದನ್ನು ಗ್ರೂಪಿಗೆ ಬಿಟ್ಟವರು ಯಾರೇ ಆಗಿರಲಿ, ಇನ್ನೊಂದು ಮನೆಗೂ ಬೆಂಕಿ ಇಟ್ಟಿದ್ದಾರೆ. ನಿಮ್ಮ ಪತ್ರದಲ್ಲಿದ್ದ ಆ ಹೆಸರನ್ನು ನಾವು ತೆಗೆದಿದ್ದೇವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಬೇರೆ. ಒಂದು ಕತೆ ಊರಿನಲ್ಲಿ ನಿಂತುಬಿಟ್ಟರೆ ಹುಡುಕುವುದು ನಿಲ್ಲುತ್ತದೆ. "ಅವಳು ಹೋದಳಂತೆ ಬಿಡಿ" ಅಂದ ಮೇಲೆ ಯಾರು ಬಾವಿ ನೋಡುತ್ತಾರೆ, ಯಾರು ಆಸ್ಪತ್ರೆಯ ವಾರ್ಡಿಗೆ ಹೋಗಿ ಹೆಸರು ಗೊತ್ತಿಲ್ಲದ ರೋಗಿಗಳ ಮುಖ ನೋಡುತ್ತಾರೆ?

2008ರ ಮೇ ತಿಂಗಳಲ್ಲಿ ನೋಯ್ಡಾದಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. ಮನೆಯೊಳಗೆ ಹುಡುಗಿಯ ಕೊಲೆ ಆಗಿತ್ತು. ಮನೆಕೆಲಸದವನು ಕಾಣಿಸುತ್ತಿರಲಿಲ್ಲ. ಕಾಣಿಸುತ್ತಿಲ್ಲ ಅಂದರೆ ಅವನೇ ಕೊಂದು ಓಡಿದ್ದಾನೆ ಅಂತ ಲೆಕ್ಕ ಹಾಕಿದರು. ಪೊಲೀಸರು ಅವನನ್ನು ಹಿಡಿಯಲು ನೇಪಾಳದ ಕಡೆ ಹೊರಟರು, ಬಹುಮಾನ ಘೋಷಿಸಿದರು, ಟಿವಿಯವರೂ ಅದನ್ನೇ ಹೇಳಿದರು. ಮಾರನೇ ದಿನ ಅವನ ಹೆಣ ಅದೇ ಮನೆಯ ತಾರಸಿಯಲ್ಲಿ ಸಿಕ್ಕಿತು. ಬೀಗ ಹಾಕಿದ್ದ ಆ ಬಾಗಿಲನ್ನು ಮೊದಲ ದಿನ ಯಾರೂ ತೆಗೆಸಿರಲಿಲ್ಲ. ಕೊಲೆಯಾದ ಮನುಷ್ಯನನ್ನು ಒಂದು ದಿನ ಪೂರ್ತಿ ಇಡೀ ದೇಶ ಕೊಲೆಗಾರ ಅಂತ ಕರೆಯಿತು. ಆಮೇಲೆ ಚಾನೆಲ್‌ಗಳು ಆ ಹುಡುಗಿಯ ತಂದೆ ತಾಯಿಯ ಬಗ್ಗೆ ಬಾಯಿಗೆ ಬಂದದ್ದನ್ನೆಲ್ಲ ಹೇಳಿದವು. ಅವರಿಬ್ಬರಿಗೆ ಜೈಲು ಶಿಕ್ಷೆಯೂ ಆಯಿತು. 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಬಿಡುಗಡೆ ಮಾಡಿತು.

ನಿಮ್ಮೂರಿನಲ್ಲಿ ಕಂಬಳಿ ಮಾರಲು ಬಂದವರನ್ನು ಹಿಡಿದು ಕೂರಿಸಿದ್ದರು ಅಂತಲೂ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೀಗೇ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಹೈದರಾಬಾದಿನ ಯುವಕನನ್ನು ಹೊಡೆದು ಸಾಯಿಸಿದರು.

ಚಾನೆಲ್‌ನವರು ಆಕೆಯ ಮಗನ ಬಾಯಿಗೆ ಮೈಕ್ ಹಿಡಿದು "ಅಮ್ಮ ಯಾರ ಜೊತೆ ಜಗಳ ಆಡ್ತಿದ್ರು?" ಅಂತ ಕೇಳಿದ ವಿಡಿಯೋ ನೀವೇ ಕಳಿಸಿದ್ದೀರಿ. ಅದನ್ನು ನನಗೆ ಪೂರ್ತಿ ನೋಡಲು ಆಗಲಿಲ್ಲ. ಆ ಹುಡುಗ ನಾಳೆ ಶಾಲೆಗೆ ಹೋಗಬೇಕು. ಆಕೆ ಎಲ್ಲೋ ಬದುಕಿದ್ದು, ಯಾರದೋ ಫೋನಿನಲ್ಲಿ ಆ ವಿಡಿಯೋ ನೋಡಿದರೆ ವಾಪಸ್ ಬರುವ ಧೈರ್ಯ ಮಾಡುತ್ತಾರಾ? 18 ದಾಟಿದವರು ಸಿಕ್ಕಾಗ ಮನೆಗೆ ಹೋಗಲು ಇಷ್ಟವಿಲ್ಲ ಅಂದರೆ ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಾರೆ, ಬಲವಂತವಾಗಿ ಕಳಿಸುವ ಹಾಗಿಲ್ಲ. ಬರಬೇಕು ಅನ್ನುವ ಮನಸ್ಸಿದ್ದವರಿಗೂ ನಾವು ದಾರಿ ಮುಚ್ಚಿದರೆ ಹೇಗೆ?

24 ಗಂಟೆ ಆಗುವವರೆಗೆ ದೂರು ತೆಗೆದುಕೊಳ್ಳುವುದಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಮನೆಯವರು ಮೊದಲ ದಿನ ಠಾಣೆಗೆ ಹೋಗಲಿಲ್ಲ ಅಂತ ಬರೆದಿದ್ದೀರಲ್ಲ, ಅದು ನನ್ನನ್ನು ಬಹಳ ಕಾಡಿತು. ಅಂಥ ಕಾನೂನು ಇಲ್ಲವೇ ಇಲ್ಲ. ಯಾರಾದರೂ ಕಾಣದಿದ್ದರೆ ಆ ಕ್ಷಣವೇ ಹೋಗಬಹುದು, 112ಕ್ಕೆ ಫೋನ್ ಮಾಡಬಹುದು. ಮಕ್ಕಳಾದರೆ 1098 ಕೂಡ ಇದೆ. ಮಕ್ಕಳು ಕಾಣೆಯಾದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಈಗ ನಿಮ್ಮ ಪತ್ರದ ಕೊನೆಗೆ ಬರುತ್ತೇನೆ. ಸಹಿ ಮಾಡುವ ಮುಂಚೆ ಒಂದು ಸಾಲು ಬರೆದಿದ್ದೀರಿ: "ಆವತ್ತು ಬೆಳಿಗ್ಗೆ ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಬಂಗಾರಪೇಟೆ ಬಸ್ ಹತ್ತಿದ್ದನ್ನು ನಾನೇ ನೋಡಿದೆ."

ಎರಡು ಪುಟದಲ್ಲಿ ನೀವು ಕಣ್ಣಾರೆ ಕಂಡಿದ್ದು ಇದೊಂದೇ. ಇದನ್ನು ಪೊಲೀಸರಿಗೆ ಹೇಳಿದಿರಾ? ಹೇಳಿದ ಹಾಗೆ ಕಾಣುತ್ತಿಲ್ಲ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಕುಪ್ಪಂ ಬಂದರೆ ಆಂಧ್ರ, ಜೋಲಾರಪೇಟೆ ಬಂದರೆ ತಮಿಳುನಾಡು. ದೂರು ಇರುವುದು ಶ್ರೀನಿವಾಸಪುರದಲ್ಲಿ, ಅದು ಕೋಲಾರ ಎಸ್‌ಪಿಯವರ ವ್ಯಾಪ್ತಿ. ಬಂಗಾರಪೇಟೆ ಕೆಜಿಎಫ್ ಎಸ್‌ಪಿಯವರ ವ್ಯಾಪ್ತಿ. ಪ್ಲಾಟ್‌ಫಾರ್ಮು ರೈಲ್ವೆ ಪೊಲೀಸರದು. ಈ ಮಾತು ಠಾಣೆಗೆ ಮುಟ್ಟದಿದ್ದರೆ ಅಲ್ಲಿ ವಿಚಾರಿಸಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಸಿಸಿಟಿವಿಯಲ್ಲಿ ಹೊಸದು ತುಂಬುತ್ತಾ ಹಳೆಯದು ಅಳಿಸಿಹೋಗುತ್ತದೆ, ಈಗಾಗಲೇ ತಡವಾಗಿದೆ. ಪ್ರಕಟಣೆಯನ್ನು ತೆಲುಗಿನಲ್ಲೂ ತಮಿಳಿನಲ್ಲೂ ಮಾಡಿಸಿ ಆ ಸ್ಟೇಷನ್‌ಗಳಲ್ಲಿ ಅಂಟಿಸಲು ಮನೆಯವರಿಗೆ ನಾವು ಸಹಾಯ ಮಾಡುತ್ತೇವೆ, ಆ ಖರ್ಚು ಪತ್ರಿಕೆಯದು.

ಠಾಣೆ ಅಂದರೆ ಹಿಂಜರಿಕೆ ಇರುತ್ತದೆ, ನನಗೆ ಅರ್ಥವಾಗುತ್ತದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ನೀವು ಸಹಿ ಹಾಕಬೇಕಾಗಿಲ್ಲ. ಬೇಕಿದ್ದರೆ ನಮ್ಮ ವರದಿಗಾರರು ಜೊತೆಗೆ ಬರುತ್ತಾರೆ. ಎಷ್ಟು ಗಂಟೆ, ಸರ್ಕಾರಿ ಬಸ್ಸೋ ಖಾಸಗಿಯೋ, ಕೈಯಲ್ಲಿ ಬ್ಯಾಗ್ ಇತ್ತಾ, ಒಬ್ಬರೇ ಇದ್ದರಾ, ಇಷ್ಟನ್ನು ಕಂಡ ಹಾಗೇ ಹೇಳಿ. ಪತ್ರಿಕೆ ನಿಮ್ಮ ಕೈ ಸೇರುವವರೆಗೆ ಕಾಯುವುದು ಬೇಡ ಅಂತ ಇವತ್ತು ಬೆಳಿಗ್ಗೆಯೇ ನಿಮಗೆ ಫೋನ್ ಮಾಡಿದ್ದೆ, ಸಿಗಲಿಲ್ಲ. ಸಂಜೆ ಮತ್ತೆ ಮಾಡುತ್ತೇನೆ, ದಯವಿಟ್ಟು ಎತ್ತಿಕೊಳ್ಳಿ.