ಹದಿನೆಂಟು ತುಂಬಿದ ಮರುದಿನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಚಿಕ್ಕಮಗಳೂರಿನ ನಿವೃತ್ತ ಶಿಕ್ಷಕಿ. ನಾಲ್ಕು ವರ್ಷಗಳಿಂದ ವಾರಕ್ಕೆ ಎರಡು ಸಂಜೆ ಮಕ್ಕಳ ಪಾಲನಾ ಸಂಸ್ಥೆಯೊಂದರ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಅವರಲ್ಲೊಬ್ಬಳಿಗೆ ಬರುವ ಜೂನ್ 1ಕ್ಕೆ 18 ತುಂಬುತ್ತದೆ. ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ತಂದೆತಾಯಿ ಇಲ್ಲ, ಕಡೂರಿನ ಕಡೆ ಇರುವ ಸೋದರಮಾವ ಮೂರು ವರ್ಷಗಳಿಂದ ನೋಡಲು ಬಂದಿಲ್ಲ. ಇಂಗ್ಲೆಂಡಿನಲ್ಲಿರುವ ನನ್ನ ಮಗ, ಅಲ್ಲಿ ಇಂಥವರನ್ನು 25 ವರ್ಷದವರೆಗೆ ಸ್ಥಳೀಯ ಕೌನ್ಸಿಲ್ಲೇ ನೋಡಿಕೊಳ್ಳುತ್ತದೆ ಎನ್ನುತ್ತಾನೆ. ನಮ್ಮ ನಗರಸಭೆಗೆ ಅಂಥ ಹೊಣೆ ಇಲ್ಲವೇ? ಜೂನ್ 2ರಂದು ಈ ಹುಡುಗಿ ಎಲ್ಲಿಗೆ ಹೋಗಬೇಕು?

ಉತ್ತರ: ಈ ಪ್ರಶ್ನೆಯನ್ನು ತಾವು ಜೂನ್ ಬರುವವರೆಗೆ ಕಾಯದೆ ಈಗಲೇ ಕೇಳಿರುವುದು ಆ ಹುಡುಗಿಯ ಪಾಲಿಗೆ ದೊಡ್ಡ ಉಪಕಾರ. ವಕೀಲಿ ವೃತ್ತಿಯಲ್ಲಿ ನನ್ನ ಬಳಿಗೆ ಇಂಥ ಮಕ್ಕಳು ಬರುವುದು ಸಾಮಾನ್ಯವಾಗಿ ಹೊರಬಿದ್ದು ಐದಾರು ತಿಂಗಳಾದ ಮೇಲೆ. ಅಷ್ಟರಲ್ಲಿ ಕೈತಪ್ಪಿದ್ದನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ.

ತಮ್ಮ ಮಗ ಹೇಳಿದ್ದು ನಿಜ. ಇಂಗ್ಲೆಂಡಿನಲ್ಲಿ ಮಕ್ಕಳ ಪಾಲನೆಯ ಸೇವೆಯೇ ಸ್ಥಳೀಯ ಕೌನ್ಸಿಲ್ಲಿನ ಕೈಯಲ್ಲಿದೆ. 2000ದಲ್ಲಿ ಬಂದ ಕಾಯ್ದೆಯ ಪ್ರಕಾರ, ಪಾಲನೆಯಿಂದ ಹೊರಹೋಗುವ ಅರ್ಹ ಯುವಜನರಿಗೆ ಮುಂದಿನ ದಾರಿಯ ಲಿಖಿತ ಯೋಜನೆ ಮತ್ತು ಒಬ್ಬ ಆಪ್ತ ಸಲಹೆಗಾರರನ್ನು ಕೌನ್ಸಿಲ್ ಒದಗಿಸಬೇಕಾಯಿತು. 2017ರ ಕಾಯ್ದೆ ಆ ಸಲಹೆಗಾರರ ನೆರವನ್ನು, ಬೇಕೆಂದವರಿಗೆಲ್ಲ, 25 ವರ್ಷದವರೆಗೆ ವಿಸ್ತರಿಸಿತಲ್ಲದೆ, ತಾನು ಕೊಡುವ ಸೌಲಭ್ಯಗಳನ್ನೆಲ್ಲ ಪ್ರತಿ ಕೌನ್ಸಿಲ್ ಬಹಿರಂಗವಾಗಿ ಪ್ರಕಟಿಸಬೇಕೆಂದೂ ವಿಧಿಸಿತು. ಸ್ವಂತ ಮನೆ ಹೂಡಲು 3,000 ಪೌಂಡ್‌ವರೆಗೆ ನೆರವು ಸಿಗುತ್ತದೆ. ಅನೇಕ ಕೌನ್ಸಿಲ್‌ಗಳು ಇವರಿಗೆ ಕೌನ್ಸಿಲ್ ತೆರಿಗೆಯನ್ನೂ ಬಿಟ್ಟುಕೊಡುತ್ತವೆ. ಈ ಎಲ್ಲದರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಆ ಸಲಹೆಗಾರ: ಜ್ವರ ಬಂದ ರಾತ್ರಿ, ಕೆಲಸ ಹೋದ ದಿನ ಯಾರಿಗೆ ಫೋನ್ ಮಾಡಬೇಕೆಂಬುದು ಆ ಮಕ್ಕಳಿಗೆ ಗೊತ್ತಿರುತ್ತದೆ.

ನಮ್ಮಲ್ಲಿ ಈ ಹೊಣೆ ನಗರಸಭೆಯದಲ್ಲ, ರಾಜ್ಯ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಜಿಲ್ಲೆಯಲ್ಲಿ ಅದನ್ನು ನಡೆಸುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಕಾಯ್ದೆ 18 ತುಂಬಿ 21 ತುಂಬದವರಿಗೆ ಕೊಡುವ ಆಸರೆಯನ್ನು ಅನುಪಾಲನೆ ಎಂದು ಗುರುತಿಸುತ್ತದೆ. ಕೇಂದ್ರದ 2016ರ ಮಾದರಿ ನಿಯಮಗಳು ವಿಶೇಷ ಸಂದರ್ಭದಲ್ಲಿ ಇದನ್ನು ಇನ್ನೆರಡು ವರ್ಷ ಮುಂದುವರಿಸಲು ಅವಕಾಶ ನೀಡುತ್ತವೆ. ಆರರಿಂದ ಎಂಟು ಮಂದಿ ಒಟ್ಟಿಗಿರುವ ತಾತ್ಕಾಲಿಕ ವಸತಿ, ತರಬೇತಿಯ ಅವಧಿಯಲ್ಲಿ ಭತ್ಯೆ, ಉನ್ನತ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ ಇವೆಲ್ಲ ಅದರಲ್ಲಿ ಬರುತ್ತವೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಆದರೆ ಕಾಯ್ದೆಯ 46ನೆಯ ಕಲಮಿನಲ್ಲಿ ಹಣಕಾಸಿನ ನೆರವನ್ನು 'ನೀಡಬಹುದು' ಎಂದಿದೆ, 'ನೀಡತಕ್ಕದ್ದು' ಎಂದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆ ಸೋರುವುದು ಈ ಒಂದು ಪದದಲ್ಲಿ. ಕೇಳಿದವರಿಗೆ ಆದೇಶವಾಗುತ್ತದೆ, ಕೇಳದವರಿಗೆ ಟ್ರಂಕು ಕೈಗೆ ಬರುತ್ತದೆ.

ಆದ್ದರಿಂದ ತಾವು ಈ ತಿಂಗಳೇ ಸಂಸ್ಥೆಯ ಅಧೀಕ್ಷಕರನ್ನು ಕಂಡು, ಆ ಹುಡುಗಿಯ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಮುಂದಿನ ವಾಸ ಮತ್ತು ಓದಿನ ಬಗ್ಗೆ ಏನು ಬರೆದಿದೆ ಎಂದು ವಿಚಾರಿಸಿ. ಕಡತವನ್ನು ತಮಗೆ ತೋರಿಸಲಾಗದು ಎಂದರೆ ಬೇಸರ ಬೇಡ, ಮಕ್ಕಳ ವಿವರಗಳು ಗೋಪ್ಯವಾಗಿರಲೇಬೇಕು. ಅರ್ಜಿಯನ್ನು ಆಕೆಯೇ ತನ್ನ ಕೈಬರಹದಲ್ಲಿ ಮಕ್ಕಳ ಕಲ್ಯಾಣ ಸಮಿತಿಗೆ ಬರೆಯಲಿ: ಪದವಿ ಓದಬೇಕೆಂದಿದ್ದೇನೆ, ಹೋಗಲು ಮನೆಯಿಲ್ಲ, ಅನುಪಾಲನೆಗೆ ಆದೇಶ ಮಾಡಬೇಕು ಎಂಬ ಮೂರು ಮಾತು ಅದರಲ್ಲಿದ್ದರೆ ಸಾಕು. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ಆಕೆಯ ಬಳಿಯೇ ಇರಬೇಕು. ಪದವಿ ಕಾಲೇಜಿಗೆ ಸೇರುವಾಗ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೂ ಅರ್ಜಿ ಹಾಕಿಸಿ. ಹಾಸ್ಟೆಲ್ ಸಿಕ್ಕರೂ ಅನುಪಾಲನೆಯ ಅರ್ಜಿಯನ್ನು ಕೈಬಿಡುವುದು ಬೇಡ, ಏಕೆಂದರೆ ಹಾಸ್ಟೆಲ್‌ಗೆ ರಜೆಯಿದೆ, ರಜೆಯಲ್ಲಿ ಉಳಿದ ಹುಡುಗಿಯರೆಲ್ಲ ಊರಿಗೆ ಹೊರಟಾಗ ಈಕೆಗೆ ಊರಿಲ್ಲ. ಸೋದರಮಾವನ ಮನೆಗೆ ಕಳುಹಿಸುವ ಮಾತು ಬಂದರೆ, ಮೂರು ವರ್ಷ ಬಾರದವರ ಮನೆಯ ಸ್ಥಿತಿಯನ್ನು ಮೊದಲು ಅಧಿಕಾರಿಗಳು ಹೋಗಿ ನೋಡಿ ವರದಿ ಕೊಡಬೇಕೆಂದು ಆಕೆ ಸಮಿತಿಯ ಮುಂದೆ ಹೇಳಲಿ.

ಇನ್ನು ನಗರಸಭೆಯ ಮಾತು. ಹೊಣೆ ಅದರದಲ್ಲವಾದರೂ ಹಣ ಅದರ ಬಳಿ ಇಲ್ಲದಿಲ್ಲ. ಸಂವಿಧಾನದ ಹನ್ನೆರಡನೆಯ ಅನುಸೂಚಿ ದುರ್ಬಲ ವರ್ಗಗಳ ಹಿತರಕ್ಷಣೆಯನ್ನು ಪೌರಸಂಸ್ಥೆಗಳ ಕಾರ್ಯಗಳಲ್ಲಿ ಸೇರಿಸಿದೆ. ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5ರಷ್ಟು ಹಣ ತೆಗೆದಿಡುತ್ತವೆ. ಹೊಲಿಗೆ ಯಂತ್ರ, ಲ್ಯಾಪ್‌ಟಾಪ್, ಕಾಲೇಜು ಶುಲ್ಕದ ಮರುಪಾವತಿ ಮುಂತಾದವುಗಳಿಗೆ ಅರ್ಜಿ ಕರೆಯುವುದು ಈ ನಿಧಿಯಿಂದಲೇ. ಅರ್ಜಿಗೆ ಕೇಳುವ ಜಾತಿ, ಆದಾಯ ಮತ್ತು ವಾಸಸ್ಥಳದ ದಾಖಲೆಗಳಲ್ಲಿ ಒಂದಾದರೂ ಈ ಮಕ್ಕಳ ಬಳಿ ಇರುವುದಿಲ್ಲವಾದ್ದರಿಂದ, ಬಡತನದಲ್ಲಿ ಎಲ್ಲರಿಗಿಂತ ಮುಂದಿರುವವರೇ ಪಟ್ಟಿಯಿಂದ ಹೊರಗುಳಿಯುತ್ತಾರೆ. ಆ ವರ್ಷ 18 ತುಂಬುವವರ ವಿಷಯವನ್ನು ಮಕ್ಕಳ ರಕ್ಷಣಾ ಘಟಕವು ಆಯವ್ಯಯಕ್ಕೆ ಮೊದಲೇ ಪೌರಾಯುಕ್ತರಿಗೆ ಗೋಪ್ಯವಾಗಿ ತಿಳಿಸಿ, ದಾಖಲೆಗಳನ್ನು ತಾನೇ ಮಾಡಿಸಿಕೊಟ್ಟರೆ ಇದೇ ಶೇ 7.25 ಮತ್ತು ಶೇ 24.10ರಲ್ಲಿ ಅವರಿಗೆ ಪಾಲು ಕೊಡಲು ಯಾವ ಹೊಸ ಕಾನೂನೂ ಬೇಕಿಲ್ಲ. ತಮ್ಮಂಥ ಹಿರಿಯರು ನಾಲ್ಕು ಜನ ಸೇರಿ ವಾರ್ಡಿನ ಸದಸ್ಯರಿಗೆ ಈ ಮನವಿಯನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ನನಗೆ 19 ವರ್ಷ. ಹತ್ತು ವರ್ಷ ಒಂದು ಸಂಸ್ಥೆಯಲ್ಲಿದ್ದು ಕಳೆದ ವರ್ಷ ಹೊರಬಂದೆ. ಚಿಕ್ಕಮಗಳೂರಿನ ಗ್ಯಾರೇಜೊಂದರಲ್ಲಿ ಕೆಲಸ ಮಾಡಿ ಅಲ್ಲೇ ಮಲಗುತ್ತಿದ್ದೇನೆ. ಆಧಾರ್‌ನಲ್ಲಿ ಸಂಸ್ಥೆಯ ವಿಳಾಸವಿರುವುದನ್ನು ನೋಡಿ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಾರೆ. ಬ್ಯಾಂಕಿನಲ್ಲಿದ್ದ ನನ್ನ ಹಣ ತೆಗೆಯಲೂ ಆಗುತ್ತಿಲ್ಲ. ನನಗೆ ಈಗಲೂ ಏನಾದರೂ ಸಿಗುತ್ತದೆಯೇ?

ಉತ್ತರ: ನಿಮಗೆ 21 ತುಂಬುವವರೆಗೆ ಅನುಪಾಲನೆ ಕೇಳುವ ಅವಕಾಶ ತೆರೆದೇ ಇದೆ; ಹೊರಬಂದು ಒಂದು ವರ್ಷವಾಯಿತೆಂದು ಸುಮ್ಮನಾಗಬೇಡಿ, ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿ ಕೊಡಿ. ಬ್ಯಾಂಕಿನ ತೊಡಕು ಸಣ್ಣದು: ಅಪ್ರಾಪ್ತರ ಖಾತೆಯನ್ನು 18 ತುಂಬಿದ ಮೇಲೆ ಹೊಸ ಸಹಿ, ಹೊಸ ಗುರುತಿನ ದಾಖಲೆ ಕೊಟ್ಟು ವಯಸ್ಕರ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು, ಅದಾಗುವವರೆಗೆ ವ್ಯವಹಾರ ನಿಲ್ಲುತ್ತದೆ. ಬ್ಯಾಂಕಿಗೆ ಹೋಗುವ ಮೊದಲು ಆಧಾರ್ ಕೇಂದ್ರದಲ್ಲಿ ಬೆರಳಚ್ಚು ನವೀಕರಿಸಿಕೊಳ್ಳಿ. 15 ತುಂಬಿದಾಗ ಆಗಬೇಕಿದ್ದ ಈ ಕೆಲಸ ಸಂಸ್ಥೆಗಳಲ್ಲಿ ಎಷ್ಟೋ ಮಕ್ಕಳಿಗೆ ತಪ್ಪಿಹೋಗಿರುತ್ತದೆ.

ವಿಳಾಸ ಬದಲಿಸಲು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ನಗರಸಭಾ ಸದಸ್ಯರು ಅಥವಾ ಗೆಜೆಟೆಡ್ ಅಧಿಕಾರಿಗಳು ಕೊಡುವ ದೃಢೀಕರಣವೂ ನಡೆಯುತ್ತದೆ. ನಮೂನೆಗೆ ನಿಮ್ಮ ಫೋಟೋ ಅಂಟಿಸಿ, ಫೋಟೋದ ಮೇಲೂ ಕಾಗದದ ಮೇಲೂ ಹಾಯುವಂತೆ ಅವರ ಸಹಿ ಮತ್ತು ಮೊಹರು ಹಾಕಿಸಿ. ಮೂರು ತಿಂಗಳೊಳಗೆ ಬಳಸಿ. ಈ ದೃಢೀಕರಣಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಮಾಲೀಕರು ಜಾಮೀನು ಕೇಳಿದರೆ ನಿಮ್ಮ ಹಳೆಯ ಮೇಷ್ಟ್ರನ್ನೋ ಗ್ಯಾರೇಜಿನ ಯಜಮಾನರನ್ನೋ ಪರಿಚಯಕ್ಕೆ ಕರೆದೊಯ್ಯಿರಿ. ಕಳೆದ ವರ್ಷ ಹಾಸನದಲ್ಲಿ ಒಬ್ಬ ಹುಡುಗ ತನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಅಂಗಿಯ ಜೇಬಿನಿಂದ ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದ. ನಾಲ್ಕು ಮಡಿಕೆಯಾಗಿದ್ದ ಅದು ಮಡಿಕೆಯ ಗೆರೆಯಲ್ಲೇ ಹರಿದು, ಹುಟ್ಟಿದ ದಿನಾಂಕವಿರುವ ಕಡೆ ತೂತಾಗಿತ್ತು. ನಿಮ್ಮ ಕಾಗದಗಳನ್ನು ಗ್ಯಾರೇಜಿನಲ್ಲಿಡದೆ, ಪ್ಲಾಸ್ಟಿಕ್ ಫೈಲಿಗೆ ಹಾಕಿ ನಂಬಿಕಸ್ಥರ ಮನೆಯಲ್ಲಿಡಿ.

ಪ್ರಶ್ನೆ: ಮೂಡಿಗೆರೆ ಬಳಿ ನಮ್ಮದು ಕಾಫಿ ತೋಟ. ಸಂಸ್ಥೆಯಿಂದ ಹೊರಬರುವ ಇಬ್ಬರು ಹುಡುಗರಿಗೆ ಕೆಲಸ ಕೊಟ್ಟು, ಲೈನ್ ಮನೆಯಲ್ಲಿ (ತೋಟದ ಕೂಲಿಯವರ ಸಾಲುಮನೆ) ಜಾಗ ಮಾಡಿಕೊಡಬೇಕೆಂದಿದ್ದೇನೆ. ಇದು ಸರಿಯೇ?

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಆದರೂ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲಸ ಮತ್ತು ಸೂರು ಒಬ್ಬರ ಕೈಯಲ್ಲೇ ಇದ್ದರೆ, ತೋಟದ ಮೇಲ್ವಿಚಾರಕನಾದ ರೈಟರ್ ಜೊತೆ ಒಂದು ಮಾತು ಬಂದ ಸಂಜೆಯೇ ಆ ಹುಡುಗ ಎರಡನ್ನೂ ಕಳೆದುಕೊಂಡು ರಸ್ತೆಗೆ ಬರುತ್ತಾನೆ. ಹಿಂದಿರುಗಲು ಮನೆಯಿರುವ ಕೂಲಿಯವರಿಗೆ ಈ ಭಯ ಇಷ್ಟಿರುವುದಿಲ್ಲ. ಕೆಲಸ ಕೊಡುವುದಾದರೆ ಸಂಬಳ ಅವರ ಸ್ವಂತ ಖಾತೆಗೆ ಹೋಗಲಿ, ಭವಿಷ್ಯನಿಧಿ ಕಟ್ಟಿ, ಕೆಲಸ ಬಿಟ್ಟರೂ ಮೂರು ತಿಂಗಳು ಲೈನ್ ಮನೆಯಲ್ಲಿರಬಹುದೆಂದು ಬರೆದುಕೊಡಿ, ಅದರ ಒಂದು ಪ್ರತಿಯನ್ನು ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಿ. ಅದಕ್ಕಿಂತ ಉತ್ತಮವೆಂದು ನನಗೆ ತೋರುವುದು, ಅವರಿಬ್ಬರೂ ಅನುಪಾಲನೆಯಲ್ಲಿದ್ದು ಐಟಿಐ ಓದುವಾಗ ಶುಲ್ಕ, ಬಸ್ಸಿನ ಖರ್ಚು, ವಾಹನ ಚಾಲನಾ ಪರವಾನಗಿಯ ಖರ್ಚನ್ನು ನೀವು ವಹಿಸಿಕೊಳ್ಳುವುದು. ಯುಗಾದಿ, ದೀಪಾವಳಿಗೆ ಅವರನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿಕೊಳ್ಳಿ. ನಿಮ್ಮ ಫೋನ್ ನಂಬರನ್ನು ಅವರಿಗೆ ಬರೆದುಕೊಟ್ಟು, ರಾತ್ರಿ ಹತ್ತಕ್ಕೆ ಕರೆ ಬಂದರೂ ಎತ್ತಿ.