ಟೀ ಉಲ್ಟಾ ತಿರುಗಿಸಬೇಕು ಅಂದಳಲ್ಲ, ಅದೇನು?

ಪ್ರಶ್ನೆ: 'ದಿ ಅವೆಂಜರ್ಸ್' ಎಂಬ ಹಳೆಯ ಬ್ರಿಟಿಷ್ ಗೂಢಚಾರ ಸೀರಿಯಲ್ ನೋಡುತ್ತಿದ್ದೇನೆ. 'ದಿ ಫರ್ಗೆಟ್ ಮಿ ನಾಟ್' ಕಂತಿನ ಕೊನೆಯಲ್ಲಿ, ನಾಯಕ ಸ್ಟೀಡ್‌ನ ಜೊತೆಗಾತಿ ಎಮ್ಮಾ ಪೀಲ್, ಕಾಣೆಯಾಗಿದ್ದ ಗಂಡ ಸಿಕ್ಕಿದ ಅಂತ ಎರಡೇ ನಿಮಿಷದಲ್ಲಿ ಹೊರಟುಬಿಡುತ್ತಾಳೆ. ಇಷ್ಟು ದಿಢೀರ್ ಅಂತ ಯಾಕೆ? ಮೆಟ್ಟಿಲ ಮೇಲೆ ಹೊಸ ಹುಡುಗಿಗೆ ಟೀ ಬಗ್ಗೆ ಹೇಳುವ ಮಾತಿಗೆ ಒಳಾರ್ಥ ಇದೆಯಾ? ಗಂಡ ಥೇಟ್ ಸ್ಟೀಡ್ ಥರ ಕಾಣುತ್ತಾನಲ್ಲ, ಬೇಕಂತಲೇ ಹಾಗೆ ಮಾಡಿದ್ದಾ? ಅವಳು ಮತ್ತೆ ಬರುತ್ತಾಳಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಒಂದು ಮಾತು. ಇದು ಹಲ್ಕ್, ಐರನ್ ಮ್ಯಾನ್ ಇರುವ ಅವೆಂಜರ್ಸ್ ಅಲ್ಲ. ಈ ಹೆಸರು ಹೇಳಿದಾಗಲೆಲ್ಲ ಮನೆಯ ಮಕ್ಕಳು ಆಸೆಯಿಂದ ಓಡಿಬಂದು, ಟೋಪಿ ಹಾಕಿದ ದೊರೆಯೊಬ್ಬ ಛತ್ರಿ ಹಿಡಿದು ನಿಂತಿರೋದು ನೋಡಿ ವಾಪಸ್ ಹೋಗುತ್ತಾರೆ.

ದಿಢೀರ್ ಅಂತ ಯಾಕೆ ಅಂದರೆ, ನಿಜಕ್ಕೂ ಹೊರಟಿದ್ದು ಎಮ್ಮಾ ಅಲ್ಲ, ಡಯಾನಾ ರಿಗ್. 1965ರಿಂದ ಆ ಪಾತ್ರ ಮಾಡುತ್ತಿದ್ದ ಆಕೆಗೆ, ಇಷ್ಟು ಹೆಸರು ಬಂದಮೇಲೂ ತನಗಿಂತ ಕ್ಯಾಮೆರಾಮನ್‌ಗೆ ಜಾಸ್ತಿ ಸಂಬಳ ಅನ್ನೋದು ಗೊತ್ತಾಯಿತು. ಕೇಳಿದ್ದಕ್ಕೆ ದುಡ್ಡಿನಾಸೆಯವಳು ಅನ್ನಿಸಿಕೊಂಡರು. ಸಂಬಳ ಏನೋ ಜಾಸ್ತಿ ಆಯಿತು, ಆದರೆ ಮನಸ್ಸು ನಾಟಕದ ಕಡೆ ಇತ್ತು, ಬಿಟ್ಟರು. ಅಷ್ಟರಲ್ಲಿ ನಿರ್ಮಾಪಕರನ್ನೂ ಬದಲಾಯಿಸಿದ್ದರು. ಹೊಸಬರ ಕೈಯಲ್ಲಿ ಕೆಲಸ ಸಾಗದೆ ಹಳೆಯ ಬ್ರಯಾನ್ ಕ್ಲೆಮೆನ್ಸ್, ಆಲ್ಬರ್ಟ್ ಫೆನೆಲ್ ಅವರನ್ನೇ ಕರೆಸಬೇಕಾಯಿತು. ಒಬ್ಬಳನ್ನು ಕಳಿಸಿಕೊಟ್ಟು ಇನ್ನೊಬ್ಬಳನ್ನು ಮನೆ ತುಂಬಿಸಿಕೊಳ್ಳೋದು, ಎರಡೂ ಒಂದೇ ಕಂತಿನಲ್ಲಿ ಆಗಬೇಕು. ಕ್ಲೆಮೆನ್ಸ್ ಕೂತು ಬರೆದದ್ದು ಇದನ್ನು. ಅಮೆರಿಕದಲ್ಲಿ 1968ರ ಮಾರ್ಚ್‌ನಲ್ಲೇ ಬಂತು, ಬ್ರಿಟನ್ನಿನವರು ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

ಕಥೆ ಸಾಧಾರಣ. ಇಲಾಖೆಯಲ್ಲೊಬ್ಬ ದ್ರೋಹಿ, ಚುಚ್ಚಿದರೆ ನೆನಪು ಹೋಗುವ ಔಷಧಿ, ಇಷ್ಟೇ. ಫರ್ಗೆಟ್ ಮಿ ನಾಟ್ ಅಂದರೆ ಒಂದು ಹೂವು, ಆದರೆ ಇಲ್ಲಿ 'ನಾಟ್'ಗೆ ಗಂಟು ಅನ್ನುವ ಅರ್ಥ ಬರುವ ಹಾಗೆ ಅಕ್ಷರ ಬದಲಾಯಿಸಿದ್ದಾರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಚಮತ್ಕಾರ ಕಾಣೋದಿಲ್ಲ. ನೀವು ಮಧ್ಯದಲ್ಲಿ ಎದ್ದು ಕಾಫಿ ಮಾಡಿಕೊಂಡು ಬಂದರೂ ನಷ್ಟ ಇಲ್ಲ, ಕೊನೆಯ ಹೊತ್ತಿಗೆ ಬಂದು ಕೂತರಾಯಿತು.

ಆ ಕೊನೆಯಲ್ಲಿ ನೀವು ಗಮನಿಸಬೇಕಾದದ್ದು ಟೀ ಅಲ್ಲ, ಹೆಸರು. ಸ್ಟೀಡ್ ಅವಳನ್ನು ಕರೆಯೋದು 'ಮಿಸೆಸ್ ಪೀಲ್' ಅಂತ. ಜೊತೆಗೆ ಷಾಂಪೇನ್ ಕುಡಿಯಲಿ, ಅವಳ ಪ್ರಾಣ ಉಳಿಸಲಿ, ಮಿಸೆಸ್ ಪೀಲ್. ನಮಗಾದರೆ ನೀವು, ನೀನು ಎರಡೂ ಇವೆ. ಹತ್ತಿರ ಆಗಿದ್ದೇವೋ ಇಲ್ಲವೋ ಅಂತ ಕ್ರಿಯಾಪದದ ಬಾಲ ನೋಡಿದರೇ ತಿಳಿಯುತ್ತದೆ. 'ಬನ್ನಿ' ಅನ್ನುತ್ತಿದ್ದವರು ಒಂದು ದಿನ 'ಬಾ' ಅಂದುಬಿಟ್ಟರೆ ಮನೆಯವರೆಲ್ಲ ತಿರುಗಿ ನೋಡುತ್ತಾರೆ, ಅಲ್ವಾ? ಇಂಗ್ಲಿಷ್‌ನಲ್ಲಿ ಎಲ್ಲದಕ್ಕೂ ಒಂದೇ 'ಯೂ', ಹಾಗಾಗಿ ಆ ಭಾರವೆಲ್ಲ ಹೆಸರಿನ ಮೇಲೆ ಬೀಳುತ್ತದೆ. ಅವಳು ಕೆನ್ನೆಗೆ ಮುತ್ತು ಕೊಟ್ಟು ಬಾಗಿಲ ಹತ್ತಿರ ಹೋದಾಗ ಅವನು 'ಎಮ್ಮಾ' ಅನ್ನುತ್ತಾನೆ. ಆಮೇಲೆ ಒಂದು ಥ್ಯಾಂಕ್ಸ್. ಅಳು ಇಲ್ಲ, ಅಪ್ಪುಗೆ ಇಲ್ಲ. ಐವತ್ತೊಂದು ಕಂತು ಜೊತೆಗಿದ್ದವಳನ್ನು ಇನ್ನು ಮಿಸೆಸ್ ಅಂತ ಕರೆಯೋಕೆ ಗಂಡ ಬಂದಿದ್ದಾನೆ, ಅದಕ್ಕೇ ಇರಬೇಕು ಸ್ಟೀಡ್ 'ಮಿಸೆಸ್' ಅನ್ನೋದನ್ನು ಬಿಟ್ಟಿದ್ದು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಇನ್ನು ಟೀ. ಕೆಳಗಿಳಿಯುವಾಗ ಹೊಸಬಳಾದ ಟಾರಾ ಕಿಂಗ್ ಎದುರಾಗಿ ಸ್ಟೀಡ್ ಮನೆ ಕೇಳುತ್ತಾಳೆ. ಎಮ್ಮಾ ದಾರಿ ತೋರಿಸಿ, ಅವರಿಗೆ ಟೀ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸಿದರೇ ಇಷ್ಟ ಅನ್ನುತ್ತಾಳೆ, ಬೆರಳಿನಲ್ಲಿ ತಿರುಗಿಸಿಯೂ ತೋರಿಸುತ್ತಾಳೆ. ಸಂಕೇತ ಪದ ಗಿಂಕೇತ ಪದ ಏನೂ ಅಲ್ಲ. ಎಷ್ಟು ದಿನದಿಂದ ನೋಡಿದ್ದಳು ಅನ್ನೋದು ಅದರಲ್ಲೇ ಇದೆ. ಬೀಗದ ಕೈ ಕೊಟ್ಟು ಹೋಗುವಾಗ 'ಆ ನಲ್ಲಿ ಸ್ವಲ್ಪ ಬಿಗಿ' ಅಂತ ಹೇಳಿ ಹೋಗುತ್ತಾರಲ್ಲ, ಹಾಗೆ.

ಗಂಡನ ವಿಷಯ ನಿಮ್ಮ ಊಹೆ ಸರಿ, ಬೇಕಂತಲೇ ಮಾಡಿದ್ದು. ಅಮೆಜಾನ್ ಕಾಡಿನಲ್ಲಿ ಕಳೆದುಹೋಗಿದ್ದ ವಿಮಾನ ಚಾಲಕ ಪೀಟರ್ ಪೀಲ್, ಬೌಲರ್ ಟೋಪಿ, ಛತ್ರಿ ಸಮೇತ ಕಾರಿನಲ್ಲಿ ಬಂದು ನಿಲ್ಲುತ್ತಾನೆ. ಸ್ಟೀಡ್ ಕಿಟಕಿಯಿಂದ ನೋಡುತ್ತಾನೆ. ನನಗೆ ಇದು ಸ್ವಲ್ಪ ಅತಿ ಅನ್ನಿಸಿತು, ಕೆಲವರು ಇದನ್ನೇ ಮೆಚ್ಚುತ್ತಾರೆ.

ಮತ್ತೆ ಬರುತ್ತಾಳಾ? ಡಯಾನಾ ರಿಗ್ 1969ರಲ್ಲಿ ಬಾಂಡ್ ಸಿನಿಮಾಕ್ಕೆ ಹೋದರು. 'ಗೇಮ್ ಆಫ್ ಥ್ರೋನ್ಸ್' ನೋಡಿದ್ದರೆ ಆ ಬಾಯಿಬಡುಕಿ ಅಜ್ಜಿ ಒಲೆನ್ನಾ ಇವರೇ. ಚಿಕ್ಕವರಿದ್ದಾಗ ಬಿಕಾನೇರ್‌ನಲ್ಲಿ ಬೆಳೆದವರು, ಅಪ್ಪ ಅಲ್ಲಿನ ರೈಲ್ವೆಯಲ್ಲಿದ್ದರು, ಹಿಂದಿ ಬರುತ್ತಿತ್ತು. ಈ ಸೀರಿಯಲ್‌ಗಂತೂ ವಾಪಸ್ ಬರಲಿಲ್ಲ. 1977ರಲ್ಲಿ, 'ದಿ ನ್ಯೂ ಅವೆಂಜರ್ಸ್'ನ ಒಂದು ಕಂತಿನಲ್ಲಿ ಎಮ್ಮಾ ಫೋನ್‌ನಲ್ಲಿ ಮಾತಾಡುವುದು ಕಾಣುತ್ತದೆ, ಆದರೆ ಅದು ಹಳೆಯ ಕಂತುಗಳ ತುಣುಕು ಕತ್ತರಿಸಿ ಅಂಟಿಸಿದ್ದು. ಗಮನವಿಟ್ಟು ನೋಡಿದರೆ ನಿಮಗೇ ಗೊತ್ತಾಗುತ್ತದೆ.