ಸಂಡೂರಿನ ಹಸಿರು ನೋಡಿ ಬಂದವರಿಗೆ

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: "ಸೆಪ್ಟೆಂಬರಿನಲ್ಲಿ ಸಂಡೂರಿಗೆ ಹೋಗಿದ್ದೆವು. ಗುಡ್ಡಗಳೆಲ್ಲ ಹಚ್ಚಹಸಿರು. ಗಣಿಯಿಂದ ಊರು ಹಾಳಾಯ್ತು ಅಂತ ನೀವು ಸುಮ್ನೆ ಬರೀತೀರಲ್ವಾ?"

ನೀವು ಕಂಡಿದ್ದು ನಿಜ. ಬಳ್ಳಾರಿಯ ಬಯಲು ದಾಟಿ ಬಂದವರಿಗೆ ಸಂಡೂರು ಬೇರೆ ಲೋಕವೇ. ಎರಡೂ ಕಡೆ ಬೆಟ್ಟದ ಸಾಲು, ನಡುವೆ ಊರು. ಮೋಡ ಬೆಟ್ಟಕ್ಕೆ ತಡೆದು ನಿಲ್ಲುವುದರಿಂದ ಸುತ್ತಲಿನ ಬಯಲಿಗಿಂತ ಮಳೆ ಜಾಸ್ತಿ. ಬ್ರಿಟಿಷರು ಕಾಯಿಲೆ ಬಿದ್ದ ಸೈನಿಕರಿಗೆಂದು ರಾಮಗಡದ ಬೆಟ್ಟದ ಮೇಲೆ ಮನೆ ಕಟ್ಟಿದ್ದು ಅಲ್ಲಿನ ತಂಪಿಗಾಗಿ.

ಆದರೆ ಮಳೆಗಾಲದ ಹಸಿರಿನಲ್ಲಿ ಹುಲ್ಲಿನ ಪಾಲು ದೊಡ್ಡದು. ನನ್ನ ಚಿಂತೆ ನೀರಿನದು.

ನನ್ನ ಮೇಜಿನ ಮೇಲೆ ಅಲ್ಲಿಂದ ತಂದ ಒಂದು ಕಲ್ಲಿದೆ. ಕೆಂಪು, ಬೂದು ಪಟ್ಟೆ. ಅಷ್ಟೇ ಗಾತ್ರದ ಬೆಂಗಳೂರಿನ ಕಲ್ಲಿಗಿಂತ ಭಾರ. ಉಜ್ಜಿದರೆ ಬೆರಳಿಗೆ ಕುಂಕುಮದಂಥ ಪುಡಿ ಹತ್ತುತ್ತದೆ. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕಬ್ಬಿಣ, ಸಿಲಿಕಾ ಪದರ ಪದರವಾಗಿ ಕೂತು ಆದ ಕಲ್ಲು ಇದು. ಆಮೇಲೆ ನೀರು ಒಳಗಿಳಿದು ಸಿಲಿಕಾವನ್ನು ಕರಗಿಸಿಕೊಂಡು ಹೋದ ಕಡೆ ಉಳಿದಿದ್ದು ಒಳ್ಳೆಯ ಅದಿರು, ಅದರ ತುಂಬ ಸಣ್ಣ ಸಣ್ಣ ತೂತು. ಮಳೆನೀರು ಕೂರುವುದು ಆ ತೂತುಗಳಲ್ಲೇ. ಬೇಸಿಗೆಯಲ್ಲಿ ಹಳ್ಳಕ್ಕೆ ಜಿನುಗುವುದೂ ಅಲ್ಲಿಂದಲೇ. ಅದಿರು ಲಾರಿ ಹತ್ತಿದರೆ ಬೆಟ್ಟದ ತೊಟ್ಟಿಯೂ ಜೊತೆಗೆ ಹೋಯಿತು. ಗಿಡ ನೆಟ್ಟು ಬೆಳೆಸಬಹುದು, ಆ ತೊಟ್ಟಿಯನ್ನು ಮತ್ತೆ ಕಟ್ಟಲಾಗದು.

ಇನ್ನೊಂದು, ಡಂಪ್. ಅದಿರಿಲ್ಲದ ಮಣ್ಣನ್ನು ಇಳಿಜಾರಿಗೆ ಸುರಿದರೆ ಜೋರು ಮಳೆಗೆ ಕೆಂಪು ನೀರಾಗಿ ಹರಿದು ನಾರಿಹಳ್ಳಕ್ಕೆ ಇಳಿಯುತ್ತದೆ. ಅದರ ಜಲಾಶಯದಲ್ಲಿ ಹೂಳು ತುಂಬುತ್ತದೆ. ಆ ಹಳ್ಳ ಬೆಟ್ಟ ಸೀಳಿಕೊಂಡು ಗಂಡಿಯ ಮೂಲಕ ಹೊರಟು ತುಂಗಭದ್ರೆ ಸೇರುವಂಥದ್ದು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರುವಾದಾಗ ಜಿಲ್ಲೆಗೆ ವರ್ಷಕ್ಕೆ 250 ಲಕ್ಷ ಟನ್ ಮಿತಿ ಇತ್ತು. 2022ರಲ್ಲಿ ಅದು 350 ಲಕ್ಷಕ್ಕೆ ಏರಿತು. ಕಬ್ಬಿಣವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾನಿರುವ ಮನೆಯ ಕಂಬಿಯೂ ಯಾವುದೋ ಬೆಟ್ಟದಿಂದಲೇ ಬಂದಿದೆ. ಆದರೆ ಟನ್ನಿಗೆ ಲೆಕ್ಕ ಇಡುವವರು ಹಳ್ಳದ ನೀರಿಗೂ ಲೆಕ್ಕ ಇಡಲಿ, ವರ್ಷಾವರ್ಷ ಊರಿನವರ ಮುಂದೆ ಓದಲಿ.

ಮುಂದಿನ ಸಲ ಏಪ್ರಿಲ್‌ನಲ್ಲಿ ಹೋಗಿ ಬನ್ನಿ. ಬೇಸಿಗೆಯಲ್ಲೂ ಹರಿಯುತ್ತಿದ್ದ ಹಳ್ಳ ಯಾವುದಿತ್ತು ಅಂತ ಅಲ್ಲಿನ ಹಿರಿಯರನ್ನು ಕೇಳಿ. ಅವರು ಹೇಳಿದ್ದನ್ನು ಬರೆದು ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇವೆ.